ಗೆರೆಯಾಚೆ ಎಸೆದ ಚೆಂಡು

ನನ್ನ ಕೈಲಿ ಮಾಸ್ಟರ್ಸ್ ಆಗುವುದೇ ಇಲ್ಲ ಎಂದವರು ಅಮೆರಿಕದ ಎವರ್‌ಗ್ರೀನಿನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್. "ಓದ್ತೀಯ, ಸರಿ. ಎದುರಿಗೆ ಕೂತು ಪ್ರಶ್ನೆ ಕೇಳಿದ್ರೆ ಗಾಬರಿಗೆ ಬಾಯಿಗೆ ಬಂದದ್ದು ಹೇಳ್ತೀಯ. ಕೇಳಿಸ್ತೇನಮ್ಮಾ?" ಯಾವ ಮಾತಿನ ಕೊನೆಗೂ ಅವರು ಹಾಗೆ ಕೇಳುತ್ತಿದ್ದರು. ಮೌಖಿಕ ಪರೀಕ್ಷೆಯಲ್ಲಿ ಒಮ್ಮೆ ಹಾಗೆಯೇ ಫೇಲಾಗಿದ್ದೆ. ಇನ್ನೊಂದೇ ಅವಕಾಶ ಉಳಿದಿತ್ತು.

ಭಾನುವಾರ ಅವರ ಮನೆಯ ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕುಗಳಲ್ಲಿ ಒತ್ತಡಕ್ಕೆ ಯಾರು ಗಟ್ಟಿ ಎಂದು ಗಂಡ ಹೆಂಡಿರ ಜಗಳ. ಅಂಕಲ್ ಸೋಫಾದ ಅಂಚಿನಲ್ಲಿ ಕೂತು ಮೊಣಕಾಲು ಉಜ್ಜುತ್ತಿದ್ದರು.

"ಕೊನೇ ನಿಮಿಷದಲ್ಲಿ ಗೆಲ್ಲಿಸೋನೇ ಕಣ್ರೀ," ಎಂದರು ಆಂಟಿ.

"ಅಲ್ಲ ಕಣೇ. ನಾಲ್ಕು ಜನ ಮೈಮೇಲೆ ಬಿದ್ದಾಗ ಎದುರಾಳಿ ಕೈಗೆ ಕೊಡದೆ ಚೆಂಡನ್ನ ಮೈದಾನದ ಗೆರೆ ಆಚೆ ಬಿಸಾಕ್ತಾನಲ್ಲ, ಅವನು. ಒಂದು ಎಸೆತ ಹೋದ್ರೂ ಚೆಂಡು ನಮ್ ಹತ್ರಾನೇ ಉಳಿಯತ್ತೆ." ನನ್ನ ಕಡೆ ತಿರುಗಿದರು. "ಕೇಳಿಸ್ತೇನಮ್ಮಾ?"

ಪರೀಕ್ಷೆಯ ದಿನ ಎದುರಿಗೆ ಮೂವರು ಪ್ರೊಫೆಸರುಗಳು. ಗೊತ್ತಿಲ್ಲದ ಪ್ರಶ್ನೆಯೇ ಬಂತು. ಏನೋ ಒಂದು ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ "ಗೊತ್ತಿಲ್ಲ" ಎಂದೆ. ಅವರು ಮುಂದಿನದನ್ನು ಕೇಳಿದರು. ಅದು ಗೊತ್ತಿತ್ತು.

ಘಟಿಕೋತ್ಸವದ ದಿನ ಪ್ರಮಾಣಪತ್ರವನ್ನು ಅಂಕಲ್ ಕೈಗಿಟ್ಟೆ. ಅವರು ಓದಿ, ಮಂಡ್ಯದಿಂದ ಬಂದಿದ್ದ ನನ್ನ ಅವ್ವನಿಗೆ ಕೊಟ್ಟರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

"ಇದ್ರಲ್ಲಿ ನನ್ ಮಗಳ ಹೆಸ್ರು ಎಲ್ಲೈತೆ, ತೋರ್ಸಿ ಸ್ವಾಮಿ," ಎಂದಳು ಅವ್ವ.