ಚಳಿಗಾಲಕ್ಕೊಂದು ಸೈಜು ದೊಡ್ಡ ಟೈರು

ನಾನು ಈವರೆಗೆ ಯಾವ ವಸ್ತುವನ್ನೂ ಸರಿಯಾದ ಅಳತೆಗೆ ಕೊಂಡವಳಲ್ಲ. ಒಂದು ಸೈಜು ದೊಡ್ಡದನ್ನೇ ತರುವುದು ನಮ್ಮ ತವರಿನ ಕುಲಾಚಾರ. ಬಳ್ಳಾರಿಯ ಕಾನ್ವೆಂಟಿಗೆ ನನ್ನನ್ನು ಸೇರಿಸಿದಾಗ ಅಮ್ಮ ಕೊಡಿಸಿದ ಕಪ್ಪು ಬೂಟಿನ ತುದಿಯಲ್ಲಿ ಇನ್ನೊಂದು ಮಗುವಿನ ಬೆರಳುಗಳಿಗೂ ಜಾಗವಿತ್ತು. ಆ ಜಾಗಕ್ಕೆ ಅಮ್ಮ ಹತ್ತಿ ತುರುಕಿ, “ಬೆಳಿಯೋ ಕಾಲು” ಎಂದಳು. ಕಾಲು ಬೂಟಿನ ಅಳತೆಗೆ ಬರುವ ಹೊತ್ತಿಗೆ ಬೂಟು ಬಾಯಿಬಿಟ್ಟಿತ್ತು. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಡೆಯುವಾಗ ನನ್ನ ಬೂಟು ನನಗಿಂತ ಅರ್ಧ ಹೆಜ್ಜೆ ತಡವಾಗಿ ಬರುತ್ತಿತ್ತು. ಮುಂದಿದ್ದ ಸಿಸ್ಟರ್ ಆ ಸದ್ದಿಗೆ ತಿರುಗಿ ನೋಡುತ್ತಿದ್ದರು.

ಇಷ್ಟಾದರೂ ಬುದ್ಧಿ ಬಂತೇ? ಮಗಳ ಫ್ರಾಕು, ಗಂಡನ ಸ್ವೆಟರು, ದೋಸೆಯ ಹೆಂಚು ಎಲ್ಲವನ್ನೂ ಅದೇ ಪದ್ಧತಿಯಲ್ಲಿ ತಂದೆ. ನಮ್ಮ ಕುಕ್ಕರ್ ನೋಡಿದವರು ಮನೆಯಲ್ಲಿ ಹನ್ನೆರಡು ಜನ ಇದ್ದಾರೆಂದುಕೊಳ್ಳುತ್ತಾರೆ. ಮಗಳು ಮದುವೆಯಾಗಿ ಹೋದ ಮೇಲೆ ಇರುವವರು ನಾವಿಬ್ಬರೇ.

ಈ ಆಚಾರ ಕಾರಿನ ಟೈರಿನವರೆಗೆ ಹೋದದ್ದು ಈ ಚಳಿಗಾಲದಲ್ಲಿ.

ನಮ್ಮದು ಇಪ್ಪತ್ತೆರಡು ವರ್ಷದ ಪುಟ್ಟ ಕಾರು. ಒಂದು ಕಾಲಕ್ಕೆ ಕೆಂಪಗಿತ್ತು. ಬಳ್ಳಾರಿಯ ಬಿಸಿಲು ತಿಂದು ಈಗ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತದ್ದು ಇದರಲ್ಲೇ, ನನಗೆ ಓಡಿಸಲು ಬರುವುದೂ ಇದೊಂದೇ. ಪ್ರತಿ ಬುಧವಾರ ಇದನ್ನು ಹತ್ತಿ ಸಿರುಗುಪ್ಪದ ಅಕ್ಕನ ಮನೆಗೆ ಹೋಗುತ್ತೇನೆ. ಅಕ್ಕನಿಗೆ ಮೊಣಕಾಲು ನೋವು, ಅವಳು ಬರಲಾರಳು. ನಾನು ಹೋಗಿ ಅಲ್ಲಿ ಮಾಡುವ ಘನಕಾರ್ಯವೇನೂ ಇಲ್ಲ. ಇಬ್ಬರೂ ಕೂತು ಶೇಂಗಾ ಸುಲಿಯುತ್ತೇವೆ, ಬೀದಿಯವರನ್ನೆಲ್ಲ ಒಂದು ಸುತ್ತು ಮಾತಾಡಿಕೊಳ್ಳುತ್ತೇವೆ, ಸಂಜೆಯೊಳಗೆ ನಾನು ವಾಪಸು. ಆದರೆ ವಾರದ ಉಳಿದ ಆರು ದಿನ ಆ ಒಂದು ದಿನಕ್ಕೆ ಆತುಕೊಂಡು ನಿಂತಿವೆ ಎಂದು ನನ್ನ ನಂಬಿಕೆ.

ಟೈರು ನಾಲ್ಕೂ ಸವೆದು ಬೋಳಾದವು. ಒಂದು ಬುಧವಾರ ದಾರಿಯಲ್ಲೇ ಒಂದು ಪಂಕ್ಚರ್ ಆಗಿ, ನಮ್ಮ ಮನೆಯವರು ಬಸ್ಸು ಹತ್ತಿ ಬಂದು ಸ್ಟೆಪ್ನಿ ಹಾಕಬೇಕಾಯಿತು. ಮನೆಗೆ ಬಂದವರೇ ಹೇಳಿದರು: “ಈ ಸೈಜಿನ ಟೈರು ಈಗ ಯಾರ್ ಇಡ್ತಾರ? ಕಾರ್ ಕೊಟ್ಟುಬಿಡಾಣ. ಸಿರುಗುಪ್ಪಕ್ಕ ಹೋಗಾಕ ಬಸ್ಸು ಏನ್ ಕಡಿಮಿ ಅದಾವೇನು?”

“ಬಸ್ಸಿನ್ಯಾಗ ಕುಂತ್ರ ಬರೇ ಊರು ಮುಟ್ಟತೀನ್ರಿ. ಕಾರಿನ್ಯಾಗಾದ್ರ ನಾನ ಹೋಗತೀನಿ” ಎಂದೆ.

ಅವರು ನನ್ನ ಮುಖ ನೋಡಿದರು. “ಆತು, ಒಂದು ಛಾನ್ಸು. ಟೈರು ನೀನ ನೋಡಿ ಹಾಕ್ಸು. ಮತ್ತ ದಾರ್ಯಾಗ ತ್ರಾಸು ಕೊಟ್ಟಿತಂದ್ರ, ಸಂಕ್ರಾಂತಿಗಿಂತ ಮುಂಚೇನ ಗುಜರಿಗೆ.”

ಸರಿ, ಫೋನಿನಲ್ಲಿ ಹುಡುಕಲು ಕೂತೆ. ಚಳಿಗಾಲ, ಹಳೆಯ ಕಾರು, ಟೈರಿನ ಸೈಜು ಎಂದು ಬರೆದೆ. ಬಂದದ್ದೆಲ್ಲ ಹಿಮದ ದೇಶದವರ ಉಪದೇಶ. ಅಲ್ಲಿ ಚಳಿಗಾಲಕ್ಕೆಂದೇ ಬೇರೆ ಟೈರು ಇರುತ್ತವಂತೆ. ಋತು ತಿರುಗಿದಾಗ ಸೀರೆ ಬದಲಿಸಿದಂತೆ ಕಾರಿಗೆ ಟೈರು ಬದಲಿಸುತ್ತಾರಂತೆ. ನಮ್ಮೂರಿನ ಚಳಿ ಬೆಳಗಿನ ಐದಕ್ಕೆ ಬಂದು, ಇವರ ತಲೆಗೆ ಮಂಕಿ ಟೋಪಿ ತೊಡಿಸಿ, ಎಂಟಕ್ಕೆ ತಾನೇ ಅದನ್ನು ತೆಗೆಸಿ ಹೊರಟುಹೋಗುತ್ತದೆ. ಮೂರು ತಾಸಿಗೆ ಯಾರು ಟೈರು ಬದಲಿಸುತ್ತಾರೆ? ಒಂದು ಮಾತು ಮಾತ್ರ ವಿಚಿತ್ರವೆನಿಸಿತು. ಹಿಮಕ್ಕೆ ಅಗಲದ ಟೈರಿಗಿಂತ ಸಣ್ಣದೇ ಮೇಲಂತೆ. ಅದು ಹಿಮವನ್ನು ಸೀಳಿ ನೆಲ ಹಿಡಿಯುತ್ತದಂತೆ. ನಮ್ಮ ಅಮ್ಮ ಇದನ್ನು ಒಪ್ಪುತ್ತಿರಲಿಲ್ಲ ಎಂದುಕೊಂಡು ಮುಂದೆ ಓದಿದೆ.

ಟೈರಿನ ಮೈಮೇಲಿನ ಬರಹವೇ ಒಂದು ಜಾತಕ. ನಮ್ಮ ಕಾರಿನದು ೧೪೫, ೭೦, ೧೨. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಕೊನೆಯದು ಒಳಗಿನ ಚಕ್ರದ ಅಡ್ಡಳತೆ, ಇಂಚಿನಲ್ಲಿ. ನಡುವಿನದು ಚಕ್ರದ ಅಂಚಿನಿಂದ ಮೇಲಕ್ಕೆ ಟೈರಿನ ಎತ್ತರ. ಅದು ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ, ಅಗಲದ ನೂರರಲ್ಲಿ ಎಪ್ಪತ್ತು ಪಾಲು. ಒಂದೇ ಸಾಲಿನಲ್ಲಿ ಮೂರು ಜಾತಿಯ ಅಳತೆ ನೋಡಿ ನಗು ಬಂತು. ಆದರೆ ನಮ್ಮ ಮನೆಯಲ್ಲಿ ಬಂಗಾರಕ್ಕೆ ತೊಲ, ಹಾಲಿಗೆ ಲೀಟರು, ಮಲ್ಲಿಗೆಗೆ ಮೊಳ. ಮೊಳವೆಂದರೆ ಮಾರುವವಳ ಮೊಳವೋ ಕೊಳ್ಳುವವಳ ಮೊಳವೋ ಎಂಬ ವ್ಯಾಜ್ಯ ದಿನಾ ಸಂಜೆ ನಮ್ಮ ಬಾಗಿಲಲ್ಲೇ ನಡೆಯುತ್ತದೆ. ಇಲ್ಲೇ ಸಂಗನಕಲ್ಲಿನ ಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಕಲ್ಲಿನ ಕೊಡಲಿ ತಿಕ್ಕುತ್ತಿದ್ದವರಿಗೆ ಇಂಥ ತಂಟೆ ಇರಲಿಲ್ಲ. ಹಿಡಿಯುವ ಕೈಯೇ ಅವರಿಗೆ ಅಳತೆ. ಅವರಲ್ಲಿ ಯಾರಾದರೂ ಕೊಡಲಿಯನ್ನು ಒಂದು ಸೈಜು ದೊಡ್ಡದಾಗಿ ತಿಕ್ಕಿದ್ದರೆ, ಅವಳು ನಮ್ಮ ತವರಿನವಳೇ ಇರಬೇಕು.

ಟೈರಿನ ಅಂಗಡಿಯ ರಸೂಲ್ ಸಾಹೇಬರು ವಯಸ್ಸಾದವರು. ಟೈರನ್ನು ಕಣ್ಣಿಗಿಂತ ಹೆಚ್ಚಾಗಿ ಅಂಗೈಯಿಂದ ನೋಡುತ್ತಾರೆ. ಬೋಳು ಟೈರನ್ನು ಸವರಿ, “ಈ ಸೈಜು ಸದ್ಯಕ್ಕಿಲ್ರಿ ಅಮ್ಮಾರೇ. ಎಂಟು ದಿನ ತಡೀರಿ, ತರಿಸಿ ಕೊಡ್ತೀನಿ” ಎಂದರು.

ಎಂಟು ದಿನವೆಂದರೆ ಒಂದು ಬುಧವಾರ ಹೋದಂತೆ. ಅಷ್ಟರಲ್ಲಿ ಮೂಲೆಯಲ್ಲಿ ನಾಲ್ಕು ಹೊಸ ಟೈರು ಕಂಡವು. ನಡುವಿನ ಸಂಖ್ಯೆ ಮಾತ್ರ ಎಂಬತ್ತು; ಮಿಕ್ಕಿದ್ದೆಲ್ಲ ನಮ್ಮದೇ.

“ಇದು ಹಾಕಿದ್ರ ಕಾರು ಒಂಚೂರು ಎತ್ತರ ಆಗ್ತದಲ್ರಿ? ಒಳ್ಳೇದಲ್ಲ?”

“ಎತ್ತರ ಏನೋ ಆಗತೈತಿ. ಅದು ವ್ಯಾನಿಂದು. ನಿಮ್ಮ ಕಾರಿನ್ಯಾಗ ಸ್ಟೇರಿಂಗ್ ಪೂರಾ ತಿರುವಿದ್ರ ಒಳಗ ಉಜ್ಜತೈತಿ.”

“ನಾನು ಪೂರಾ ತಿರುವೋದೇ ಇಲ್ರಿ” ಎಂದೆ.

ಸಾಹೇಬರು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ, “ನಿಮ್ಮ ಮರ್ಜಿ” ಎಂದರು. ಇಪ್ಪತ್ತೆರಡರ ಕಾರಿಗೆ ಬೆಳೆಯುವ ಕಾಲುಂಟೇ? ಆ ಪ್ರಶ್ನೆ ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

ಬುಧವಾರ ಹೊರಟೆ. ನಾನು ಕುರುಗೋಡಿನ ಮೇಲೆ ಸುತ್ತಿಕೊಂಡು ಹೋಗುವವಳು. ದೊಡ್ಡ ರಸ್ತೆಯ ಲಾರಿಗಳಿಗೆ ಹೆದರಿ. ಕಾರು ಅರ್ಧ ಇಂಚು ಎತ್ತರವಾಗಿತ್ತು, ನಾನು ಒಂದಡಿ ಎತ್ತರವಾಗಿದ್ದೆ. ಕುರುಗೋಡಿನ ಬಂಡೆಗುಡ್ಡಗಳು ಹಿಂದಾದ ಮೇಲೆ ಕಾಲುವೆಯ ನೀರಿನ ಸೀಮೆ. ಈ ದಿನಗಳಲ್ಲಿ ಅಲ್ಲಿ ರಸ್ತೆಯ ಅರ್ಧ ರೈತರದು. ಕೊಯ್ದ ಭತ್ತವನ್ನು ಡಾಂಬರಿನ ಮೇಲೆ ಉದ್ದಕ್ಕೂ ಹರವಿ, ಗಾಡಿ ಹತ್ತದಿರಲೆಂದು ಅಂಚಿಗೆ ಕಲ್ಲಿಟ್ಟಿರುತ್ತಾರೆ. ಗಾಲಿ ಹತ್ತಿದರೆ ಕಾಳು ಒಡೆದು, ಮಿಲ್ಲಿನಲ್ಲಿ ಅಕ್ಕಿಯ ಬದಲು ನುಚ್ಚು ಬರುತ್ತದೆ. ಉಳಿದರ್ಧ ರಸ್ತೆಯಲ್ಲಿ ಎದುರಿನಿಂದ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ಪಕ್ಕದ ಕರಿಮಣ್ಣಿಗೆ ಇಳಿದು ದಾರಿ ಬಿಟ್ಟೆ. ಮತ್ತೆ ರಸ್ತೆಗೆ ಏರಲು ಸ್ಟೇರಿಂಗ್ ಪೂರಾ ತಿರುವಲೇಬೇಕಾಯಿತು.

ಗರ್‌ರ್ ಎಂದಿತು. ಸ್ಟೇರಿಂಗ್ ಬಿಗಿಯಾಯಿತು. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಕಾರು ರಸ್ತೆಗೆ ಏರಿ, ನಾನು ತಿರುಗು ಎಂದಷ್ಟು ತಿರುಗದೆ, ಕಲ್ಲುರುಳಿಸಿ ಭತ್ತದ ಮೇಲೆ ಹೋಗಿ ನಿಂತಿತು.

ಬರಿಗಾಲಲ್ಲಿ ಭತ್ತಕ್ಕೆ ಸಾಲೆಳೆಯುತ್ತ ಕಾಳು ತಿರುವುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ಏನವಾ, ಕಾರ್ ನಡಸಾಕ ಬಂದೀಯೋ, ನುಚ್ಚು ಒಡಿಯಾಕ ಬಂದೀಯೋ?”

ಇಳಿದು ಕೈ ಮುಗಿದೆ. ಅವಳು ಹುಲಿಗೆಮ್ಮ, ಭತ್ತ ಅವಳದೇ. ನಾನು ಸೆರಗು ಸಿಕ್ಕಿಸಿ ಚೆದುರಿದ್ದನ್ನು ಬಳಿಯತೊಡಗಿದೆ. ಅವಳ ಸಿಟ್ಟು ಅರ್ಧಕ್ಕಿಳಿಯಿತು. ಬಗ್ಗಿ ಗಾಲಿ ನೋಡಿದವಳು ಪೂರ್ತಿ ನಕ್ಕುಬಿಟ್ಟಳು. “ಅಣ್ಣನ ಚಪ್ಲಿ ತಮ್ಮಗ ಹಾಕೀಯಲ್ಲವಾ! ಅದೆಂಗ ನಡದೀತು?” ಎಂದವಳೇ, “ಮನ್ಯಾಗಿನವ್ರಿಗೆ ಫೋನ್ ಮಾಡು, ಬರ್ತಾರ” ಎಂದಳು.

ಅದೊಂದು ಮಾತ್ರ ಆಗದು ಎಂದೆ. ಯಾಕೆಂದು ಹೇಳಿದೆ, ಬುಧವಾರದ ಸಮೇತ. ಹುಲಿಗೆಮ್ಮ ಇನ್ನೆರಡು ಕಲ್ಲು ಸರಿಸಿ ದಾರಿ ಅಗಲ ಮಾಡಿ, “ದೊಡ್ಡದಾಗಿ ಹೊಳ್ಳಸ್ಕ್ಯಂತ ಹೋಗು. ಅಕ್ಕ ಕಾಯ್ತಿರ್ತಾಳ” ಎಂದಳು.

ಎಲ್ಲ ತಿರುವುಗಳನ್ನೂ ತೇರಿನ ಹಾಗೆ ನಿಧಾನವಾಗಿ, ದೊಡ್ಡದಾಗಿ ತಿರುವುತ್ತ ಹೋದೆ, ಹಾಗೆಯೇ ಬಂದೆ. ಮರುದಿನ ರಸೂಲ್ ಸಾಹೇಬರ ಮುಂದೆ ನಿಂತಾಗ ಅವರು ‘ನಾ ಹೇಳಿರಲಿಲ್ಲೇನು’ ಎನ್ನಲಿಲ್ಲ. ಇಂಥ ದೊಡ್ಡತನ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. “ನಿಮ್ಮ ಎಪ್ಪತ್ತಕ್ಕ ಅವತ್ತ ಹೇಳಿಬಿಟ್ಟೀನಿ, ಬರತೈತಿ” ಎಂದರು. ಬಂತು. ಹಾಕಿಸಿದೆ. ಸ್ಟೇರಿಂಗನ್ನು ಆಚೆಗೊಮ್ಮೆ ಈಚೆಗೊಮ್ಮೆ ಪೂರಾ ತಿರುವಿದೆ. ಗಾಲಿ ಸದ್ದಿಲ್ಲದೆ ತಿರುಗಿತು. ತನ್ನ ಅಳತೆಯದನ್ನು ತೊಟ್ಟ ಜೀವಕ್ಕೆ ಎಷ್ಟು ಸಮಾಧಾನವಿರುತ್ತದೆಂದು ನಾನು ನೋಡಿದ್ದು ಅದೇ ಮೊದಲು.

ಅಂದು ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಬಹುದಿತ್ತು, ಆದರೆ ಮುಚ್ಚಿಟ್ಟು ಬುಧವಾರ ಹೋದರೆ ಅಕ್ಕನ ಮುಂದೆ ಶೇಂಗಾ ರುಚಿಸುವುದಿಲ್ಲ. ಟ್ರ್ಯಾಕ್ಟರು, ಭತ್ತ, ಹುಲಿಗೆಮ್ಮ, ಯಾವುದನ್ನೂ ಬಿಡಲಿಲ್ಲ. ದಾರಿಯಲ್ಲಿ ತ್ರಾಸು ಕೊಟ್ಟರೆ ಗುಜರಿಗೆ ಎಂದಿದ್ದರಲ್ಲ, ಕೊಟ್ಟಿದ್ದಂತೂ ನಿಜ. ಇವರು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಕೈ ತೊಳೆದು ಎದ್ದರು.

ಮರುದಿನ ಸಂಜೆ ಬರುವಾಗ ಕೈಯಲ್ಲಿ ಕಾಗದ ಸುತ್ತಿದ ಉದ್ದನೆಯದೇನೋ ಇತ್ತು. ಅಂಗಳದಲ್ಲಿ ಕಾರಿನ ಮುಂದೆ ಬಗ್ಗಿ ಏನೋ ಮಾಡುತ್ತಿದ್ದರು. ಕಿಟಕಿಯಿಂದ ನೋಡಿದೆ. ಒಣಗಿ ಬಿರಿದಿದ್ದ ಹಳೆಯ ವೈಪರ್ ಕಿತ್ತು ಹೊಸದನ್ನು ಹಾಕುತ್ತಿದ್ದರು.

ಬಳ್ಳಾರಿಯಲ್ಲಿ, ಡಿಸೆಂಬರ್ ತಿಂಗಳಲ್ಲಿ, ವೈಪರು! ಆಕಾಶದಲ್ಲಿ ಅಂಗೈಯಗಲ ಮೋಡವಿಲ್ಲ. ನಮ್ಮಲ್ಲಿ ಇನ್ನು ಮಳೆಯ ಮಾತು ಜೂನಿಗೇ. ಸಂಕ್ರಾಂತಿ ದಾಟಿ ಅಲ್ಲಿಯವರೆಗೆ ಎಷ್ಟು ಬುಧವಾರ ಬರುತ್ತವೆಂದು ನಾನು ಎಣಿಸಲಿಲ್ಲ, ಅವರನ್ನೂ ಏನೂ ಕೇಳಲಿಲ್ಲ. ಒಳಗೆ ಹೋಗಿ ಚಹಾಕ್ಕಿಟ್ಟೆ, ಸರಿಯಾಗಿ ಎರಡು ಕಪ್ಪು.