ಮಲಗಿದ ಭತ್ತ ಎಬ್ಬಿಸಿದವಳು

ನನ್ನ ವಾರಗಿತ್ತಿಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿಗೆಲ್ಲ ಅವಳು ನೆಟ್ಟಗಕ್ಕ, ನನಗೆ ಬರೀ ಅಕ್ಕ. ಬಾಗಿಲಲ್ಲಿ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಅವಳಿಗೆ ಒಳಗೆ ಕಾಲಿಡಲು ಆಗದು. ಮೊದಲು ಅವನ್ನು ಜೋಡಿ ಜೋಡಿಯಾಗಿ ಗೋಡೆಗೆ ಒತ್ತಿ ಇಡಬೇಕು, ಅದು ಯಾರ ಮನೆಯ ಬಾಗಿಲಾದರೂ ಸರಿ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರ್ ಮಡಚಿಕೊಂಡಿದ್ದರೆ ಕೈ ಚಾಚಿ ಸರಿಮಾಡಿಬಿಡುತ್ತಿದ್ದಳು. ಒಮ್ಮೆ ಹಾಗೆ ಮಾಡಿ ಒಬ್ಬ ಪೊಲೀಸಿನವನಿಂದ ಬೈಸಿಕೊಂಡಳು. "ನೆಟ್ಟಗಿರಲಿ ಅಂತ ಸಾರ್" ಎಂದಳಂತೆ. ಅವನು ಬೈಯುವುದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದು ಬದಿಯ ಕಾಲರನ್ನೂ ಮುಟ್ಟಿ ನೋಡಿಕೊಂಡನಂತೆ.

ಅವಳ ಗಂಡ, ಅಂದರೆ ನನ್ನ ಭಾವ, ಮದುವೆಯಾದ ಕೆಲವೇ ವರ್ಷಕ್ಕೆ ತೀರಿಹೋದರು. ಮಕ್ಕಳಿರಲಿಲ್ಲ. ಅವಳ ಗದ್ದೆಗೂ ನಮ್ಮ ಗದ್ದೆಗೂ ನಡುವೆ ಒಂದು ಬದು, ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ. ನನ್ನ ಮಗಳು ನಡೆಯಲು ಕಲಿತ ಮೇಲೆ ಆ ಗೋಡೆ ಒಡೆದು ಬಾಗಿಲು ಇಡಿಸಬೇಕಾಯಿತು. ದೊಡ್ಡಮ್ಮನ ಪಕ್ಕದಲ್ಲೇ ಮಲಗುತ್ತೇನೆಂದು ಕೂಸು ಪ್ರತಿ ಸಂಜೆ ಊರು ಒಂದು ಮಾಡುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ನಾನು ಬಾಯಿಬಡುಕಿ, ಮಗುವಿಗೆ ಎರಡು ಮಾತು ಹೇಳುವಷ್ಟರಲ್ಲಿ ಮೂರನೆಯದಕ್ಕೆ ಗದರಿರುತ್ತಿದ್ದೆ. ಅವಳು ಜಡೆ ಹೆಣೆಯಲು ಕೂತರೆ ಬೈತಲೆ ನೆಟ್ಟಗೆ ಬರುವ ತನಕ ಬಿಚ್ಚಿ ಬಿಚ್ಚಿ ಬಾಚುವಳು, ಮಗು ಅಷ್ಟು ಹೊತ್ತೂ ಮಿಸುಕಾಡದೆ ಕೂತಿರುತ್ತಿತ್ತು. ನನ್ನ ಕೈಯಲ್ಲಾದರೆ ಬಾಚಣಿಗೆ ಕಂಡ ಕೂಡಲೇ ಓಟ.

ನಮ್ಮದು ಅಂಗೈಯಗಲದ ಗದ್ದೆ. ಒಂದು ಬೆಳೆ ಕೈಕೊಟ್ಟರೆ ಮುಂದಿನ ಬಿತ್ತನೆಗೆ ಬೀಜವಿಲ್ಲ, ಗೊಬ್ಬರವಿಲ್ಲ, ತಿನ್ನಲಿಕ್ಕೂ ಇಲ್ಲ. ಮಳೆಗೋ, ಈಗೀಗ ಹೊತ್ತುಗೊತ್ತು ಅನ್ನುವುದೇ ಇಲ್ಲ. ಬರಬೇಕಾದಾಗ ಮುಖ ತಿರುಗಿಸಿಕೊಂಡು ಹೋಗುತ್ತದೆ, ಕೊಯ್ಲಿಗೆ ಕುಡುಗೋಲು ಮಸೆಯುವಾಗ ಬಂದು ಸುರಿಯುತ್ತದೆ. ಹಾಗೆ ಎರಡು ಸಲ ಪೆಟ್ಟು ತಿಂದ ಕೆಲವು ಮನೆಯವರು ಆಗಲೇ ಬಾಗಿಲಿಗೆ ಬೀಗ ಜಡಿದು ದೂರದ ಇಟ್ಟಿಗೆ ಭಟ್ಟಿಗೆ ದುಡಿಯಲು ಹೋಗಿದ್ದರು. ನಮ್ಮನೆಯವರು ಅಷ್ಟು ದೂರ ಹೋಗುವ ಮಾತೆತ್ತಿದಾಗಲೆಲ್ಲ ಅಕ್ಕ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಆ ವರ್ಷ ವಿಮೆ ಕಟ್ಟೋಣ ಎಂದು ಮೊದಲು ಹೇಳಿದ್ದೂ ಅವಳೇ. "ಬೆಳೆ ಹೋದ್ರೂ ನೀವು ಇಲ್ಲೇ ಇರ್ಬಹುದಲ್ವಾ?" ಎಂದಷ್ಟೇ ಕೇಳಿದಳು. ಹೂಂ ಅಂದೆವು.

ವಿಮೆಯವನು ಶಾಲೆಯ ಜಗಲಿಯಲ್ಲಿ ನಿಂತು ಎಲ್ಲ ಬಿಡಿಸಿ ಹೇಳಿದ್ದ. ಒಬ್ಬೊಬ್ಬರ ಗದ್ದೆಯನ್ನೂ ನೋಡುವುದಿಲ್ಲ. ಕೊಯ್ಲಿನ ಹೊತ್ತಿಗೆ ಊರಿನ ನಾಲ್ಕು ಗದ್ದೆಗಳನ್ನು ಕಂಪ್ಯೂಟರು ಆರಿಸುತ್ತದೆ. ಒಂದೊಂದರಲ್ಲೂ ಒಂದು ಚೌಕ ಹಗ್ಗ ಹಿಡಿದು ಅಳೆದು, ಅದರೊಳಗಿನ ಭತ್ತ ಕೊಯ್ದು, ಬಡಿದು, ತೂಗುತ್ತಾರೆ. ನಾಲ್ಕರ ಸರಾಸರಿಯೇ ಇಡೀ ಊರಿನ ಬೆಳೆ. ಅದು ಅವರು ಗೊತ್ತುಮಾಡಿದ ಮಟ್ಟಕ್ಕಿಂತ, ಅಂದರೆ ಒಳ್ಳೆಯ ಬೆಳೆಯ ಅರ್ಧಕ್ಕಿಂತ, ಕೆಳಗಿದ್ದರೆ ವಿಮೆ ಕಟ್ಟಿದ ಎಲ್ಲರಿಗೂ ಪರಿಹಾರ, ಮೇಲಿದ್ದರೆ ಯಾರಿಗೂ ಇಲ್ಲ. "ಅಂದ್ರೆ ಊರಿಗೇ ಕೊಡ್ತಾರೆ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಅಷ್ಟನ್ನೇ ಅವಳು ಹಿಡಿದುಕೊಂಡದ್ದು.

ಭತ್ತ ಹಳದಿಗೆ ತಿರುಗಿ, ತೆನೆ ಬಾಗಿ, ಇನ್ನು ವಾರ ಕಳೆದರೆ ಕೊಯ್ಯಬಹುದು ಎನ್ನುವಾಗ ಮಳೆ ಹಿಡಿಯಿತು. ಬರಿಯ ಮಳೆಯಲ್ಲ, ಗಾಳಿ ಸಮೇತ. ಬಿಟ್ಟ ಮೇಲೆ ಹೋಗಿ ನೋಡಿದರೆ ಬಯಲಿಗೆ ಬಯಲೇ ಮಲಗಿತ್ತು. ತೆನೆಗಳೆಲ್ಲ ನೀರಿನಲ್ಲಿ ಮುಖ ಅದ್ದಿಕೊಂಡಿದ್ದವು. ಇನ್ನೆರಡು ದಿನಕ್ಕೆ ಕಾಳು ಅಲ್ಲೇ ಮೊಳಕೆಯೊಡೆಯುತ್ತದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮನೆಯವರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆ ಎತ್ತಲಿಲ್ಲ. ನಾನು ಬಾಯಿಗೆ ಬಂದಂತೆ ಮೋಡಗಳಿಗೆ ಬೈದೆ. ಊರಿನಲ್ಲಿ ಒಂದೇ ಒಂದು ಟ್ರ್ಯಾಕ್ಟರ್ ಇಟ್ಟುಕೊಂಡಿದ್ದವನು ಬಂದು, "ಇನ್ನು ಇದಕ್ಕೆ ಕೈ ಹಾಕಿ ಪ್ರಯೋಜನ ಇಲ್ಲ. ವಿಮೆ ಇದೆಯಲ್ಲ, ಸುಮ್ನೆ ಬಿಡಿ" ಅಂದ. ಎಲ್ಲರೂ ಬಿಟ್ಟೆವು.

ಅಕ್ಕ ಬಿಡಲಿಲ್ಲ. ಬದು ಕಡಿದು ನೀರು ಹೊರಗೆ ಹರಿಯಲು ದಾರಿ ಮಾಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಮಲಗಿದ ಭತ್ತವನ್ನು ಎಬ್ಬಿಸತೊಡಗಿದಳು. ನಾಲ್ಕೈದು ಬುಡಗಳನ್ನು ತಬ್ಬಿ ಎತ್ತುವುದು, ಒಂದಕ್ಕೊಂದು ಆನಿಸುವುದು, ಅದರದೇ ಎಲೆ ತಿರುಚಿ ನಡುವಿಗೊಂದು ಗಂಟು ಹಾಕುವುದು, ಮುಂದಕ್ಕೆ ಸರಿಯುವುದು. ಬೆಳಗಿನಿಂದ ಕತ್ತಲಾಗುವವರೆಗೆ ಇದೇ. ಎಲೆಯಂಚು ತಾಗಿ ಮುಂಗೈಯೆಲ್ಲ ಗೀರು. ಊಟಕ್ಕೆ ಕೂತರೆ ಬೆರಳು ಮಡಚಲು ಬಾರದೆ ನನ್ನ ಮಗಳೇ ತುತ್ತು ಮಾಡಿ ಕೊಡುತ್ತಿದ್ದಳು.

"ತಲೆಗಿಲೆ ಕೆಟ್ಟಿದೆಯಾ ಅಕ್ಕಾ? ಊರೋರೆಲ್ಲ ನಗ್ತಿದಾರೆ" ಎಂದೆ.

"ನಗ್ಲಿ ಬಿಡು. ನಾಳೆ ವಿಮೆಯವರು ಬಂದು ನೋಡ್ತಾರೆ. ಒಬ್ಬರೂ ಗದ್ದೆಗೆ ಇಳಿದಿಲ್ಲ, ಎಲ್ಲಾ ಕೈಕಟ್ಟಿ ಕೂತಿದಾರೆ ಅಂತ ಕಂಡ್ರೆ ಯಾಕೆ ಕೊಡ್ತಾರೆ? ನೀನಾದ್ರೆ ಕೊಡ್ತೀಯಾ?"

"ನಾನು ಕೊಡಲ್ಲ."

"ಮತ್ತೆ? ಈ ಊರೋರು ಸೋಮಾರಿಗಳಲ್ಲ ಅಂತ ಒಂದು ಗದ್ದೆಯಾದ್ರೂ ಹೇಳ್ಬೇಕು. ನಿಮಗೋಸ್ಕರಾನೇ ಮಾಡ್ತಿರೋದು ಕಣೇ."

ಅವಳ ಮಾತು ನನಗೂ ನ್ಯಾಯವಾಗಿಯೇ ಕಂಡಿತು. ಹುಟ್ಟಿದಾಗಿನಿಂದ ದುಡಿದರೆ ಕೂಲಿ, ದುಡಿಯದಿದ್ದರೆ ಬೈಗುಳ ಎಂದು ಕಂಡವರು ನಾವು. ಏನೂ ಮಾಡದೆ ಕೂತವನಿಗೆ ಕೊಟ್ಟು, ಬೆನ್ನು ಬಗ್ಗಿಸಿದವನಿಗೆ ಇಲ್ಲ ಅನ್ನುವ ಲೆಕ್ಕ ಭೂಮಿಯ ಮೇಲೆ ಇದೆಯೆಂದು ನಮಗೆ ಹೇಗೆ ಹೊಳೆಯಬೇಕು?

ಅಳತೆಗೆ ಬಂದವನು ಇನ್ನೂ ಎಳೆಯ ಹುಡುಗ. ಷೂ ಕೆಸರಾಗಬಾರದೆಂದು ಬದುವಿನ ಮೇಲೆ ಸರ್ಕಸ್ಸಿನವನ ಹಾಗೆ ಕೈ ಚಾಚಿಕೊಂಡು ನಡೆಯುತ್ತಿದ್ದ. ಗದ್ದೆ ಆರಿಸುವುದು ತಾನಲ್ಲ, ಎಲ್ಲ ಫೋನಿನಲ್ಲೇ ಬರುತ್ತದೆ ಎಂದು ಮೊದಲೇ ಹೇಳಿಬಿಟ್ಟ. ಊರಿಗೆ ಊರೇ ಅವನ ಹಿಂದೆ ಸಾಲುಗಟ್ಟಿತ್ತು. ಮೊದಲ ಮೂರು ಗದ್ದೆಗಳಲ್ಲಿ ಕೊಯ್ದದ್ದರಲ್ಲಿ ಕೊಳೆತ ಹುಲ್ಲೇ ಹೆಚ್ಚು. ಬಡಿದರೆ ಅರ್ಧಕ್ಕರ್ಧ ಮೊಳಕೆ ಬಂದ ಕಾಳು. ತೂಕ ಕಂಡು ಜನ ಒಬ್ಬರಿಗೊಬ್ಬರು ತಲೆಯಾಡಿಸಿದರು. ಟ್ರ್ಯಾಕ್ಟರಿನವನು ನಮ್ಮನೆಯವರ ಹೆಗಲು ತಟ್ಟಿ, "ದುಡ್ಡು ಬಂದ ಹಾಗೇ ಲೆಕ್ಕ" ಅಂದ. ತಮ್ಮ ಬೆಳೆ ಹಾಳಾದದ್ದು ಕಂಡು ಜನ ಖುಷಿಪಟ್ಟದ್ದನ್ನು ನಾನು ಅವತ್ತೇ ನೋಡಿದ್ದು.

ನಾಲ್ಕನೆಯದು ಯಾವುದೆಂದು ಹುಡುಗ ಫೋನು ನೋಡಿ, ಆಚೆ ಈಚೆ ತಿರುಗಿ, ಬೆರಳು ತೋರಿಸಿದ. ಅಕ್ಕನ ಗದ್ದೆ.

"ನಮ್ದು! ನಮ್ದೇ ಬಂತು!" ಎಂದು ಅಕ್ಕ ಎಲ್ಲರಿಗಿಂತ ಮೊದಲು ಓಡಿದಳು. ಹಿಂದೆ ಇದ್ದವರು ಬದುವಿನ ಮೇಲೇ ನಿಂತುಬಿಟ್ಟರು. ಕಂದು ಬಣ್ಣದ ಆ ಬಯಲಿನ ನಡುವೆ ಅವಳದೊಂದು ಗದ್ದೆ ಮಾತ್ರ ಎದ್ದು ನಿಂತಿತ್ತು, ಸಾಲು ಸಾಲಾಗಿ, ನಡುವಿಗೆ ಗಂಟು ಕಟ್ಟಿಕೊಂಡು. ಮೊದಲೇ ಅದು ಊರಿಗೆ ಮೇಲಾದ ಗದ್ದೆ. ಅದನ್ನು ತೂಗಿದರೆ ನಾಲ್ಕರ ಸರಾಸರಿ ಏರುತ್ತದೆಂದು ನನಗೆ ಆಗ ಹೊಳೆಯಿತು. ನಮ್ಮನೆಯವರು ಹುಡುಗನ ಬಳಿ ಹೋಗಿ, "ಸ್ವಾಮಿ, ಇದೊಂದು ಬಿಡಿ, ಪಕ್ಕದ್ದು ನೋಡಿ. ನಮ್ದೇ ಅದು" ಎಂದು ಕೈ ಮುಗಿದರು. "ಜಾಗ ಬದಲಾದ್ರೆ ಫೋನು ತಗೊಳ್ಳಲ್ಲ, ನನ್ನ ಕೆಲಸ ಹೋಗುತ್ತೆ" ಅಂದ. ಅವನ ಮುಖವೂ ಬಾಡಿತ್ತು. ಅವನನ್ನು ಬೈದು ಏನು ಬಂತು.

ಅಕ್ಕ ಮಾತ್ರ ಮನೆಯ ಶುಭಕಾರ್ಯಕ್ಕೆ ಓಡಾಡಿದಂತೆ ಓಡಾಡಿದಳು. ಹಗ್ಗದ ಒಂದು ತುದಿ ತಾನೇ ಹಿಡಿದಳು, ಅದು ಸೊಟ್ಟಗಿದೆಯೆಂದು ಎರಡು ಸಲ ಸರಿಪಡಿಸಿದಳು. ಟಾರ್ಪಾಲಿನ ಮೇಲೆ ಕಾಳು ಉದುರಿದಾಗ ಅಂಚಿಗೆ ಸಿಡಿದವನ್ನೂ ಒಂದೊಂದಾಗಿ ಹೆಕ್ಕಿ ರಾಶಿಗೆ ಹಾಕಿದಳು. "ಹೋಗ್ಲಿ ಬಿಡು ಅಕ್ಕಾ" ಎಂದು ನಾನು ಹಲ್ಲು ಕಚ್ಚಿ ಹೇಳಿದೆ. "ಒಂದು ಕಾಳೂ ಬಿಡಬಾರದು" ಅಂದಳು.

ತೂಗಿದ ಮೇಲೆ ಹುಡುಗ ಅವಳ ಕಡೆ ತಿರುಗಿದ. "ಅಮ್ಮಾ, ಇಂಥ ಮಳೇಲೂ ಇಷ್ಟು ಉಳಿಸ್ಕೊಂಡಿದ್ದೀರಲ್ಲ! ನಾನು ಎಲ್ಲೂ ನೋಡಿಲ್ಲ." ನಿಜವಾಗಿಯೇ ಹೇಳಿದ. ಅಕ್ಕನ ಮುಖ ಅರಳಿತು. ಜೀವಮಾನದಲ್ಲಿ ಆಫೀಸಿನಿಂದ ಬಂದ ಮನುಷ್ಯ ಅವಳನ್ನು ಹೊಗಳಿದ್ದು ಅದೊಂದೇ ಸಲ. ಅವಳು ನನ್ನ ಕಡೆ ನೋಡಿ, "ಕೇಳಿದ್ಯಾ? ಇನ್ನು ಖಂಡಿತ ಕೊಡ್ತಾರೆ" ಅಂದಳು.

ಟ್ರ್ಯಾಕ್ಟರಿನವನು ಹುಡುಗನ ಫೋನಿನಲ್ಲಿ ನಾಲ್ಕರ ಲೆಕ್ಕ ಇಣುಕಿ ನೋಡಿದ. ತಲೆಯ ಮೇಲಿನ ಟವೆಲು ತೆಗೆದು ನೆಲಕ್ಕೆ ಬಡಿದ.

"ಎಲ್ಲಿ ಕೊಡ್ತಾರೆ? ಸರಾಸರಿ ಮೇಲೆ ಹೋಯ್ತು! ನೀವು ಒಬ್ರು ಎಬ್ಸಿದ್ರಿ, ಊರನ್ನೇ ಮಲಗಿಸಿಬಿಟ್ರಿ!"

ಅಕ್ಕ ಅವನನ್ನು ನೋಡಿದಳು, ಹುಡುಗನನ್ನು ನೋಡಿದಳು. ಹುಡುಗ ಫೋನಿನಿಂದ ಕಣ್ಣು ಮೇಲೆತ್ತಲಿಲ್ಲ. ಕೊನೆಗೆ ನನ್ನನ್ನು ಕೇಳಿದಳು: "ಹೌದಾ?" ಹೌದು ಅಂದೆ.

ಜನ ಚದುರಿದ ಮೇಲೆ ಮನೆಯಲ್ಲಿ ಅವಳು ಕಾಣಲಿಲ್ಲ. ಗದ್ದೆಗೆ ಓಡಿದೆ. ಅವಳು ಕೆಸರಿನಲ್ಲಿ ನಿಂತು, ತಾನೇ ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಭತ್ತವನ್ನು ಅಂಗೈಯಿಂದ ಒತ್ತಿ ಒತ್ತಿ ನೆಲಕ್ಕೆ ಮಲಗಿಸುತ್ತಿದ್ದಳು. "ಆ ಹುಡುಗನನ್ನ ಕರಿ. ಈಗ ಬಿದ್ದಿದೆ, ಬಂದು ನೋಡು ಅನ್ನು. ಇನ್ನೊಂದ್ಸಲ ತೂಗ್ಲಿ" ಎನ್ನುತ್ತಿದ್ದಳು. ಬಿಡಿಸಲು ಹೋದರೆ ನನ್ನನ್ನೇ ತಳ್ಳಿದಳು. ನಾನು ಸೊಂಟ ಹಿಡಿದು ಎಳೆದೆ, ಇಬ್ಬರೂ ಕೆಸರಿಗೆ ಬಿದ್ದೆವು. ಅಲ್ಲೇ ಕೂತು ಅವಳು ಅತ್ತಳು, ನಾನೂ ಅತ್ತೆ. ಅವಳ ಮೇಲೆ ನನಗೆ ಅಸಾಧ್ಯ ಸಿಟ್ಟಿತ್ತು, ಅವಳನ್ನು ಬಿಟ್ಟರೆ ನನಗೆ ಅಳಲು ಬೇರೆ ಹೆಗಲೂ ಇರಲಿಲ್ಲ.

ಸರಾಸರಿ ಕೂದಲೆಳೆಯಷ್ಟು ಮೇಲಿತ್ತು. ಊರಿಗೆ ಬಿಡಿಗಾಸು ಬರಲಿಲ್ಲ. ಅಕ್ಕ ತನ್ನ ಭತ್ತವನ್ನು ಚೀಲ ಮಾಡಿ ಮನೆಮನೆಗೆ ಹೊತ್ತಳು, ಬಿತ್ತನೆಗಾದರೂ ಇಟ್ಟುಕೊಳ್ಳಿ ಎಂದು. ಕೆಲವರು ಮುಖ ಕೊಡಲಿಲ್ಲ, ಕೆಲವರು ಇಸಿದುಕೊಂಡು ಅವಳ ಬೆನ್ನ ಹಿಂದೆ ಬೈದರು. ನಾವು ಬೀಜ ತೆಗೆದುಕೊಂಡು ಏನು ಮಾಡುವುದು? ಉಳಲಿಕ್ಕೆ, ಗೊಬ್ಬರಕ್ಕೆ, ಬೆಳೆ ಬರುವ ತನಕ ಹೊಟ್ಟೆಗೆ? ನಮ್ಮನೆಯವರು ಗದ್ದೆ ಹಾಗೇ ಬಿಟ್ಟು ಗಂಟುಮೂಟೆ ಕಟ್ಟಿದರು. ಹೊರಡುವ ಬೆಳಗ್ಗೆ ಅಕ್ಕ ಮಗಳಿಗೆ ಜಡೆ ಹೆಣೆಯುತ್ತಲೇ ಇದ್ದಳು, ಬಸ್ಸು ಹಾರನ್ ಹೊಡೆದರೂ ಬಿಚ್ಚಿ ಮತ್ತೆ ಬಾಚುತ್ತಿದ್ದಳು. ಕೊನೆಗೆ ನಾನೇ ಮಗುವನ್ನು ಅವಳ ಮಡಿಲಿಂದ ಎತ್ತಿಕೊಂಡೆ.

"ನಾನು ಎಬ್ಬಿಸದೇ ಇದ್ದಿದ್ರೆ ನೀವು ಇರ್ತಿದ್ರಿ" ಎಂದಳು.

"ಹಾಗೇನಿಲ್ಲ ಅಕ್ಕಾ" ಅಂದೆ. ಅವಳು ನಂಬಲಿಲ್ಲ.

ಭಟ್ಟಿಯ ಕೆಲಸದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ತಗಡಿನ ಒಂದು ಕೋಣೆ, ನಾವು ಮೂವರು, ಬೂದಿ. ಮಗಳ ಜಡೆ ಈಗ ನಾನು ಹೆಣೆಯುತ್ತೇನೆ, ಬೈತಲೆ ಎತ್ತೆತ್ತಲೋ ಹೋಗುತ್ತದೆ, ಅವಳು ಏನೂ ಅನ್ನುವುದಿಲ್ಲ.

ಮುಂದಿನ ಬೆಳೆಯ ಕೊಯ್ಲಿನ ಹೊತ್ತಿಗೆ ಒಂದು ಮಧ್ಯಾಹ್ನ ಫೋನು ಬಂತು. ಹಸಿ ಇಟ್ಟಿಗೆ ಹೊತ್ತ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ. ಯಾರದೋ ಫೋನು ಇಸಿದುಕೊಂಡು ಅಕ್ಕ ಮಾಡಿದ್ದಳು. ಗಾಳಿಯ ಸದ್ದು ಕೇಳುತ್ತಿತ್ತು.

"ಮತ್ತೆ ಮಳೆ ಬಂತು ಕಣೇ. ಈ ಸಲಾನೂ ಎಲ್ಲಾ ಮಲಗಿದೆ. ನಂದೂ ಮಲಗಿದೆ. ನಾನು ಮುಟ್ಟಿಲ್ಲ."

"ಏನಂದೆ?"

"ಮುಟ್ಟಿಲ್ಲ. ಬದುವಿನ ಮೇಲೆ ಕೂತಿದೀನಿ. ಮೂರು ದಿನ ಆಯ್ತು, ಮೊಳಕೆ ಬರ್ತಿದೆ. ನೋಡೋಕಾಗಲ್ಲ, ಆದ್ರೂ ಮುಟ್ಟಿಲ್ಲ. ಈ ಸಲ ಊರಿಗೇ ಕೊಡ್ತಾರೆ. ನೀವು ವಾಪಸ್ ಬಂದ್ಬಿಡಿ."

ಬಿತ್ತದ ಗದ್ದೆಗೆ ವಿಮೆ ಇಲ್ಲ. ನಮ್ಮ ಗದ್ದೆಯಲ್ಲಿ ಈ ವರ್ಷ ಕಳೆ ಬೆಳೆದಿತ್ತು, ನಾವು ಕಂತೂ ಕಟ್ಟಿರಲಿಲ್ಲ. ಊರಿಗೆಲ್ಲ ಬಂದರೂ ನಮಗೆ ಬರುವುದಿಲ್ಲ, ಬದುವಿನಾಚೆಯ ಗದ್ದೆಯನ್ನು ಅವಳು ಕೊಳೆಯಲು ಬಿಟ್ಟದ್ದು ಯಾರಿಗಾಗಿಯೋ ಅವರಿಗೆ ಏನೂ ಇಲ್ಲ. ಇಷ್ಟನ್ನು ಹೇಳಲು ನನ್ನಂಥ ಬಾಯಿಬಡುಕಿಗೂ ಬಾಯಿ ಬರಲಿಲ್ಲ.

"ಎದ್ದೇಳು ಅಕ್ಕಾ! ಈಗ್ಲೇ ಗದ್ದೆಗಿಳಿ, ಉಳಿದಷ್ಟನ್ನ ಎಬ್ಬಿಸು! ನಿನ್ನ ದಮ್ಮಯ್ಯ ಅಂತೀನಿ, ಎಬ್ಬಿಸು!" ಎಂದು ಕಿರುಚಿದೆ. ಭಟ್ಟಿಯವರೆಲ್ಲ ನನ್ನ ಕಡೆ ತಿರುಗಿದರು.

"ಸುಮ್ನಿರು, ನಿನಗೆ ಗೊತ್ತಾಗಲ್ಲ. ಈ ಸಲ ನಾನು ಕೆಡಿಸಲ್ಲ" ಎಂದಳು ಅಕ್ಕ. ಆಮೇಲೆ ಫೋನು ಮಗುವಿಗೆ ಕೊಡು ಎಂದಳು.