ಅತ್ತಿಗೆಯ ಮೊಗೆಕಾಯಿ ಬೀಜ

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಅತ್ತಿಗೆಯ ಮನೆಯಿರುವ ಬೀದಿಯಲ್ಲಿ ನನ್ನದು ಒಳ್ಳೆಯ ಕೈಗುಣ ಎಂದು ಹೆಸರಾಗಿದೆ. ನಾನು ಬೀಜ ಹಾಕಿದರೆ ಹುಟ್ಟದೆ ಇರುವುದಿಲ್ಲವಂತೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ಆ ಹೆಸರು ಮೊದಲು ಅತ್ತಿಗೆಯದು. ಅಣ್ಣನನ್ನು ಮದುವೆಯಾಗಿ ಭದ್ರಾವತಿಗೆ ಬಂದಾಗ ಅವರು ತವರಿನಿಂದ ತಂದದ್ದರಲ್ಲಿ ಇವತ್ತಿಗೂ ಉಳಿದಿರುವುದು ಒಂದು ಮೊಗೆಕಾಯಿ ತಳಿ ಮಾತ್ರ, ಸಾಂಬಾರು ಸೌತೆಯ ಜಾತಿ. ಬಿಳಿ ಮೈ, ಹಸಿರು ಗೀರು. ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಬಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಪೇಟೆಯಿಂದ ತಂದ ಕಾಯಿಗೆ ಆ ಯೋಗ್ಯತೆ ಎಲ್ಲಿಂದ ಬರಬೇಕು? ವರ್ಷಕ್ಕೊಂದು ಒಳ್ಳೆಯ ಕಾಯನ್ನು ಬೀಜಕ್ಕೆಂದು ಉಳಿಸಿ, ಬೇಸಿಗೆಯಲ್ಲಿ ಸೀಳಿ, ಬೀಜಕ್ಕೆ ಬೂದಿ ಸವರಿ ಒಣಗಿಸಿ, ಬೀದಿಗೆಲ್ಲ ಹಂಚುತ್ತಿದ್ದರು. ಹಂಚಿದರೆ ಸಾಲದು, ಅವರೇ ಬಂದು ಮಣ್ಣಿಗೆ ಹಾಕಿಕೊಡಬೇಕು. ಜನ ಬಿಡುತ್ತಿರಲಿಲ್ಲ.

ಅಣ್ಣ ತೀರಿಕೊಂಡ ವರ್ಷ, ಬೇಸಿಗೆಯಲ್ಲಿ ಆ ಕಾಯಿಯ ನೆನಪು ಯಾರಿಗೂ ಆಗಲಿಲ್ಲ. ಆಷಾಢದ ಜಡಿಮಳೆಯಲ್ಲಿ ತೊಟ್ಟು ಕೊಳೆಯತೊಡಗಿದಾಗ ಅತ್ತಿಗೆ ಇಳಿಸಿ ಸೀಳಿದರು. ಉಳಿದಿದ್ದುದು ಅದೊಂದೇ ಕಾಯಿ. ಹೊರಗೆ ಬಿಸಿಲಿನ ಸುಳಿವಿಲ್ಲ, ಬೀಜವೆಲ್ಲ ಜಿಗುಟುಜಿಗುಟು.

"ಬೂಷ್ಟು ಹಿಡಿದ್ರೆ ಮುಗೀತು," ಎಂದರು.

"ಕೊಡಿ ಅತ್ತಿಗೆ, ನಾನು ಒಣಗಿಸ್ಕೊಂಡು ಬರ್ತೀನಿ," ಎಂದೆ.

ನಾನು ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ವೆಲ್ಡಿಂಗ್ ರಾಡಿಗೆ ಪಸೆ ಹಿಡಿಯಬಾರದೆಂದು ಬಿಸಿಯಲ್ಲಿಡುವ ಓವನ್ ಒಂದು ನಮ್ಮಲ್ಲಿದೆ. ರಾಡನ್ನೇ ಒಣಗಿಸುವ ಪೆಟ್ಟಿಗೆಗೆ ಒಂದು ಹಿಡಿ ಬೀಜ ಯಾವ ಲೆಕ್ಕ ಎಂಬ ಅತಿಬುದ್ಧಿ ನನ್ನದು. ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಹರಡಿ ಒಳಗಿಟ್ಟೆ. ಲೋಡ್ ಕಳಿಸುವ ಗಡಿಬಿಡಿಯಲ್ಲಿ ಮರೆತುಬಿಟ್ಟೆ. ನೆನಪಾಗಿ ಹೊರತೆಗೆಯುವಾಗ ಮುಚ್ಚಳ ಹಿಡಿಯಲು ಬಟ್ಟೆ ಬೇಕಾಯಿತು. ಆದರೆ ಬೀಜ ನೋಡಲು ಚಂದವಿತ್ತು, ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಪೊಟ್ಟಣ ಕಟ್ಟಿದೆ.

ಅತ್ತಿಗೆಗೆ ಖುಷಿಯೋ ಖುಷಿ. ಆದರೂ ಆ ವರ್ಷ ಇನ್ನೊಬ್ಬರ ಮನೆಯಲ್ಲಿ ಬೀಜ ಹಾಕಲು ಅವರಿಗೆ ಅಳುಕು. ಗಂಡ ಹೋದವಳು ಶುಭಕಾರ್ಯಕ್ಕೆ ಕೈ ಹಚ್ಚಬಹುದೇ ಎಂಬ ಯೋಚನೆ. ಎದುರುಮನೆಯ ತಮಿಳು ಹೆಂಗಸು ಕೇಳಬೇಕಲ್ಲ. "ಅಣ್ಣ ಹೋದ್ರೆ ನಿಮ್ ಕೈ ಎಲ್ಲಿಗಕ್ಕಾ ಹೋಗ್ತದೆ?" ಎಂದು ಎಳೆದುಕೊಂಡೇ ಹೋದರು. ಅತ್ತಿಗೆ ಅವರ ಪಾತಿಯಲ್ಲೂ ತಮ್ಮ ಪಾತಿಯಲ್ಲೂ ಬೀಜ ಹಾಕಿದರು.

ಒಂದೂ ಹುಟ್ಟಲಿಲ್ಲ. ಮುಂದೊಂದು ಭಾನುವಾರ ನಾನು ಹೋದಾಗ ಅತ್ತಿಗೆ ಬೆರಳಿನಿಂದ ಮಣ್ಣು ಕೆದಕುತ್ತಿದ್ದರು. ಬೀಜ ಅಲ್ಲೇ ಕೊಳೆತು ಲೋಳೆಯಾಗಿತ್ತು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅವರ ಜೊತೆ ನನ್ನ ಕೈಗುಣಾನೂ ಹೋಯ್ತು ಕಣೋ," ಎಂದರು. ಅಳಲಿಲ್ಲ. ಮನೆಯಲ್ಲಿ ಸಕ್ಕರೆ ಮುಗಿಯಿತು ಎನ್ನುವಷ್ಟು ಸಲೀಸಾಗಿ ಹೇಳಿದರು. ಓವನ್ ವಿಷಯ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಬಯ್ಯುತ್ತಾರೆಂಬ ಹೆದರಿಕೆಯಲ್ಲ. ಅವರ ತವರಿನ ಬೀಜ ಸುಟ್ಟವನು ಎನ್ನಿಸಿಕೊಳ್ಳಲು ನಾಚಿಕೆ, ಅಷ್ಟೇ.

ಆಮೇಲೆ ಅವರು ಯಾರ ಪಾತಿಗೂ ಇಳಿಯಲಿಲ್ಲ. ಉಪ್ಪಿನಕಾಯಿ ಕಲಸಲು ಸಹ ಎದುರುಮನೆಯವರನ್ನೇ ಕರೆದರು. ನಾನು ಪ್ರತಿ ಭಾನುವಾರ ಹಣ್ಣು ಹಿಡಿದುಕೊಂಡು ಹೋಗಿ, ಕಾಫಿ ಕುಡಿದು, ಏನೂ ಹೇಳದೆ ಬಸ್ಸು ಹತ್ತುತ್ತಿದ್ದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಹಂಚುವ ಅಭ್ಯಾಸವೇ ಆ ತಳಿಯನ್ನು ಉಳಿಸಿತು. ಎದುರುಮನೆಯವರು ಸಾಸಿವೆ ಡಬ್ಬಿಯ ಹಿಂದೆ ಹಿಂದಿನ ವರ್ಷ ಅತ್ತಿಗೆ ಕೊಟ್ಟಿದ್ದ ಮೊಗೆಕಾಯಿ ಬೀಜದ ಪೊಟ್ಟಣವೊಂದು ಸಿಕ್ಕಿತೆಂದು ಓಡಿಬಂದರು. ಅತ್ತಿಗೆ ಕೈ ಹಿಂದಕ್ಕೆ ಎಳೆದುಕೊಂಡು, "ನಾನು ಮುಟ್ಟಲ್ಲ, ಇವನು ಹಾಕ್ಲಿ," ಎಂದರು. ಹಾಕಿದೆ. ವಾರದೊಳಗೆ ಎಲ್ಲವೂ ಎರಡೆಲೆ ಬಿಟ್ಟವು. ಬೀದಿಯೆಲ್ಲ ಸುದ್ದಿ. ಅತ್ತಿಗೆ ನನ್ನ ಅಂಗೈ ತಿರುಗಿಸಿ ನೋಡಿ, "ನಿಮ್ಮಣ್ಣನ ಕೈ ಥರಾನೇ ಇದೆ," ಎಂದರು. ಆ ಕೈಯನ್ನು ಎಲ್ಲಿ ಬಚ್ಚಿಡಲಿ ಎನ್ನಿಸಿತು.

ಸ್ವಲ್ಪ ದಿನಕ್ಕೆ ಎದುರುಮನೆಯವರು ಅವರೆಕಾಯಿ ಬೀಜ ತಂದು ನನ್ನ ಕೈಗಿಟ್ಟು, ಪಾತಿ ಸಿದ್ಧವಿದೆ ಬನ್ನಿ ಎಂದು ಮುಂದೆ ಹೋದರು. ಅತ್ತಿಗೆ ಹೊಸಿಲಿನೊಳಗೇ ನಿಂತು, "ಹೋಗು, ಹಾಕಿಕೊಟ್ಟು ಬಾ," ಎಂದರು. ಇನ್ನು ತಡೆಯಲಾಗಲಿಲ್ಲ. ಅಲ್ಲೇ ನಿಂತು ಓವನ್, ಮುಚ್ಚಳ, ಮರೆತದ್ದು, ಎಲ್ಲವನ್ನೂ ಹೇಳಿಬಿಟ್ಟೆ.

"ನಿನಗೆ ಯಾವತ್ತು ಗೊತ್ತಾಯ್ತು?"

"ಹೊರಗೆ ತೆಗೆದಾಗ್ಲೇ ಅನುಮಾನ ಇತ್ತು."

"ಬೀಜ ಸುಟ್ಟಿದ್ದು ಬಿಡು ಮಾರಾಯ, ನನ್ನ ಕೈಲೂ ಎಷ್ಟೋ ಹಾಳಾಗಿದೆ. ನನ್ನ ಕೈಗುಣ ಹೋಯ್ತು ಅಂದಾಗ ನೀನು ಪಕ್ಕದಲ್ಲೇ ನಿಂತಿದ್ದೆ."

ನನ್ನ ಕೈಯಿಂದ ಅವರೆ ಬೀಜ ತೆಗೆದುಕೊಂಡು, ಹೊಸಿಲು ದಾಟಿ, ಎದುರುಮನೆಗೆ ನಡೆದರು. ಅವರೆ ಹುಟ್ಟಿತು. ಈಗ ಮತ್ತೆ ವರ್ಷವರ್ಷ ಅತ್ತಿಗೆಯೇ ಮನೆಮನೆಗೆ ಹೋಗಿ ಮೊಗೆಕಾಯಿ ಬೀಜ ಹಾಕುತ್ತಾರೆ.

ಓವನ್ ವಿಷಯ ಮಾತ್ರ ಅವರು ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ಯಾರಾದರೂ ಆ ವರ್ಷದ ನನ್ನ ಕೈಗುಣವನ್ನು ಹೊಗಳುವಾಗ ಅತ್ತಿಗೆ ಪಕ್ಕದಲ್ಲೇ ನಿಂತಿರುತ್ತಾರೆ. ಒಂದು ಮಾತೂ ಆಡುವುದಿಲ್ಲ.